ಮೊದಲು ಹಿಮ್ಮಡಿ ನೋಡಿ

ನಮ್ಮ ಕಡೆ ಎಲ್ಲಾದರೂ ಹೆರಿಗೆಯಾಯಿತೆಂದರೆ ಜನ ಮೊದಲು ಕೇಳುವುದು ‘ತಾಯಿ ಮಗು ಹೇಗಿದ್ದಾರೆ?’ ಎಂದಲ್ಲ, ‘ಏನು ಮಗು?’ ಎಂದು. ಕೊಟ್ಟಿಗೆಯಲ್ಲಿ ಹೆಣ್ಣುಗರು ಹುಟ್ಟಿದರೆ ಬೀದಿಗೆಲ್ಲ ಗಿಣ್ಣು ಹಂಚುವ ಮನೆಯವರೇ, ಒಳಕೋಣೆಯಲ್ಲಿ ಹೆಣ್ಣುಮಗು ಹುಟ್ಟಿದರೆ ‘ಲಕ್ಷ್ಮಿ ಬಂದಳು ಬಿಡಿ’ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಳ್ಳುತ್ತಾರೆ. ಈ ಕುತೂಹಲ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಗೊತ್ತಿದ್ದೇ ಭಾರತದಲ್ಲಿ 1994ರಲ್ಲಿ ಕಾನೂನು ಬಂತು. ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’ ಎಂಬ ಫಲಕ ಪ್ರತಿಯೊಂದು ಸ್ಕ್ಯಾನಿಂಗ್ ಕೇಂದ್ರದಲ್ಲೂ ಇರಲೇಬೇಕು. ಅಂಥ ಫಲಕಗಳ ನಾಡಿನಿಂದ ಆರು ತಿಂಗಳ ವೀಸಾದ ಮೇಲೆ ಬರ್ಮಿಂಗ್‌ಹ್ಯಾಮಿಗೆ ಬಂದಿಳಿದ ನನ್ನಮ್ಮ, ಮನೆಮಂದಿಯೆಲ್ಲ ಟಾರ್ಚು ಹಿಡಿದು ಒಂದು ಗೋಸುಂಬೆಯ ಹಿಂಗಾಲು ಪರೀಕ್ಷಿಸುತ್ತಿದ್ದುದನ್ನು ಕಂಡು, “ಇದಕ್ಕೆ ಇಲ್ಲಿ ಕೇಸು ಹಾಕೋದಿಲ್ವೇನೋ?” ಎಂದು ಕೇಳಿದರು.

ಹಾಕುವುದಿಲ್ಲ. ಹಾಕಿದರೂ ಒಂದನೇ ಆರೋಪಿ ನನ್ನ ಮಗಳು. ನಾಯಿ ಬೇಕೆಂದು ಅವಳು ಚಿಕ್ಕಂದಿನಿಂದ ಹಟ ಹಿಡಿದಿದ್ದಳು. ಈ ಊರಿನ ಮಳೆಯಲ್ಲಿ ಬೆಳಿಗ್ಗೆ ಸಂಜೆ ನಾಯಿಯ ಹಿಂದೆ ನಡೆಯುವವನು ಯಾರೆಂದು ನನಗೆ ಚೆನ್ನಾಗಿ ಗೊತ್ತಿದ್ದುದರಿಂದ ನಾನೂ ಹಟ ಹಿಡಿದಿದ್ದೆ. ಬೊಗಳಬಾರದು, ವಾಕಿಂಗ್ ಕೇಳಬಾರದು, ಸೋಫಾದ ಮೇಲೆ ಕೂದಲು ಉದುರಿಸಬಾರದು ಎಂಬ ಮೂರು ಷರತ್ತಿನ ಮೇಲೆ ರಾಜಿಯಾಯಿತು. ಮೂರೂ ಷರತ್ತಿಗೆ ಹೊಂದುವ ಪ್ರಾಣಿಯನ್ನು ಅವಳು ಮೊದಲೇ ಗೊತ್ತುಮಾಡಿಕೊಂಡಿದ್ದಳು. ಇಂಗ್ಲೆಂಡಿನ 2006ರ ಪ್ರಾಣಿ ಕಲ್ಯಾಣ ಕಾಯ್ದೆಯ ಪ್ರಕಾರ ಹದಿನಾರು ತುಂಬದವರಿಗೆ ಪ್ರಾಣಿ ಮಾರುವಂತಿಲ್ಲ. ತುಂಬಿದ ಮೇಲೆ ಅಪ್ಪನನ್ನು ಕೇಳಬೇಕೆಂದು ಅದರಲ್ಲಿ ಎಲ್ಲೂ ಬರೆದಿಲ್ಲ.

ಹೀಗೆ ಒಂದು ಭಾನುವಾರ ಡಾಂಕಾಸ್ಟರಿಗೆ ಸವಾರಿ ಹೊರಟಿತು. 1776ರಲ್ಲಿ ಶುರುವಾದ ಸೇಂಟ್ ಲೆಜರ್ ಓಟಕ್ಕೆ ಹೆಸರಾದ ಅಲ್ಲಿನ ಕುದುರೆ ರೇಸಿನ ಅಂಗಳದಲ್ಲಿ, ಕುದುರೆಗಳಿಗೆ ಬಿಡುವಿರುವ ಕೆಲವು ದಿನ, ಹಾವು ಹಲ್ಲಿ ಗೋಸುಂಬೆಗಳನ್ನು ಸಾಕುವವರು ಮೇಜು ಹಾಕಿಕೊಂಡು ಕೂರುತ್ತಾರೆ. ಗಾಳಿಗಿಂತ ಬೇಗ ಓಡಬೇಕಾದವುಗಳ ಜಾಗದಲ್ಲಿ, ಎತ್ತಿದ ಕಾಲನ್ನು ಇಡಲೋ ಬೇಡವೋ ಎಂದು ಗಾಳಿಯಲ್ಲೇ ತೂಗುವ ಪ್ರಾಣಿಯನ್ನು ಕೊಳ್ಳಲು ಜನ ಸಾಲುಗಟ್ಟಿದ್ದರು. ಲೀಡ್ಸಿನಿಂದ ನಮ್ಮ ಮೂಡಿಗೆರೆಯ ಗೆಳೆಯನೂ ಬಂದು ಕೂಡಿಕೊಂಡ. 1980ರಲ್ಲಿ ತೇಜಸ್ವಿಯವರ ‘ಕರ್ವಾಲೊ’ ಬಂದಂದಿನಿಂದ ಮೂಡಿಗೆರೆಯವರಿಗೆಲ್ಲ ಸರೀಸೃಪಶಾಸ್ತ್ರ ಹುಟ್ಟಿನಿಂದಲೇ ಬರುತ್ತದೆಂಬುದು ಅವನ ನಂಬಿಕೆ. ಆ ಕಾದಂಬರಿಯಲ್ಲಿ ಹುಡುಕಿದ್ದು ಹಾರುವ ಓತಿಯನ್ನು, ಇದು ಹಾರುವುದಿರಲಿ ನೆಟ್ಟಗೆ ನಡೆಯುವುದೂ ಇಲ್ಲ ಎಂದೆ. ಅವನು ನನ್ನನ್ನು ಕನಿಕರದಿಂದ ನೋಡಿದ.

ನಮ್ಮೂರ ಹುಣಸೆಮರದ ಗೋಸುಂಬೆಯನ್ನು ಹಿಡಿದು ಸಾಕಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಡಾಂಕಾಸ್ಟರಿನ ಮೇಜಿನ ಮೇಲಿದ್ದದ್ದು ಅದರ ಅರಬ್ ದೇಶದ ದಾಯಾದಿ: ಮೂಲ ಯೆಮೆನ್ ಮತ್ತು ಸೌದಿ ಅರೇಬಿಯ, ಹೆಸರು ವೇಲ್ಡ್ ಕಮೀಲಿಯನ್, ಹುಟ್ಟಿದ್ದು ಮಾತ್ರ ಇಂಗ್ಲೆಂಡಿನಲ್ಲೇ ಯಾರದೋ ಮನೆಯ ಪೆಟ್ಟಿಗೆಯಲ್ಲಿ. ಅಂದರೆ ವೀಸಾದ ವಿಷಯದಲ್ಲಿ ನಮಗಿಂತ ಮೇಲು. ಬಣ್ಣಕ್ಕೆ ತಕ್ಕಂತೆ ರಂಗ ಎಂದು ಹೆಸರಿಟ್ಟೆವು. ಆಮೇಲೆ ಶುರುವಾಯಿತು, ಇದು ರಂಗಪ್ಪನೋ ರಂಗಮ್ಮನೋ ಎಂಬ ಚರ್ಚೆ.

ಅಮ್ಮ ಮುಖ ನೋಡಿ “ಕಳೆ ಇದೆ, ಗಂಡು” ಎಂದರು. ಕಣ್ಣುಗಳೆರಡೂ ಬೇರೆಬೇರೆ ದಿಕ್ಕಿಗೆ ನೋಡುತ್ತಿದ್ದ ಆ ಮುಖದಲ್ಲಿ ಅವರಿಗೆ ಕಳೆ ಎಲ್ಲಿ ಕಂಡಿತೋ. ಮೂಡಿಗೆರೆಯವನು ನೆತ್ತಿಯ ಮೇಲಿನ ಕಿರೀಟ ತೋರಿಸಿ “ರಾಜಕಳೆ, ಗಂಡೇ” ಎಂದ. ಶನಿವಾರ ಟಿವಿಡೇಲಿನ ಬಾಲಾಜಿ ದೇವಸ್ಥಾನಕ್ಕೆ ಹೋದಾಗ ವಿಷಯ ಊಟದ ಪಂಕ್ತಿಗೂ ಹಬ್ಬಿತು. ಬರ್ಮಿಂಗ್‌ಹ್ಯಾಮ್ ಸುತ್ತಿನ ಕನ್ನಡಿಗರೆಲ್ಲ ಫೋನಿನ ಚಿತ್ರ ನೋಡಿ ಪುಳಿಯೋಗರೆ ಬಾಯಲ್ಲಿಟ್ಟುಕೊಂಡೇ ತೀರ್ಪು ಕೊಟ್ಟರು. ಬುಸುಗುಟ್ಟುತ್ತದೆಯೇ? ಹಾಗಾದರೆ ಗಂಡು. ಬೇಗ ಮುನಿಸಿಕೊಳ್ಳುತ್ತದೆಯೇ? ಹಾಗಾದರೆ ಹೆಣ್ಣು. ಈ ಎರಡನೆಯ ಲಕ್ಷಣ ಹೇಳಿದ ಗೃಹಸ್ಥರ ಪಕ್ಕದಲ್ಲೇ ಅವರ ಹೆಂಡತಿ ಕೂತಿದ್ದರು. ಅವರು ಮತ್ತೆ ಬಾಯಿ ತೆರೆದದ್ದು ಪಾಯಸ ಬಂದಾಗಲೇ.

ಇವರು ಹೇಳಿದ ಯಾವ ಲಕ್ಷಣಕ್ಕೂ ಬೆಲೆಯಿಲ್ಲ. ಕಿರೀಟ ಗಂಡಿಗೂ ಇದೆ, ಹೆಣ್ಣಿಗೂ ಇದೆ; ದೊಡ್ಡದಾದ ಮೇಲೆ ಗಂಡಿನದು ಎತ್ತರ ಬೆಳೆಯುತ್ತದೆ ಅಷ್ಟೆ, ಮರಿಯಲ್ಲಿ ವ್ಯತ್ಯಾಸ ತಿಳಿಯದು. ಬುಸುಗುಟ್ಟುವುದು ಎರಡರ ಆಜನ್ಮಸಿದ್ಧ ಹಕ್ಕು. ಈ ಜಾತಿಯಲ್ಲಿ ಪ್ರಕೃತಿ ಗುರುತನ್ನು ಇಟ್ಟಿರುವುದು ಯಾರೂ ನೋಡದ ಜಾಗದಲ್ಲಿ, ಹಿಂಗಾಲಿನ ಹಿಮ್ಮಡಿಯಲ್ಲಿ. ಗಂಡುಮರಿ ಮೊಟ್ಟೆಯೊಡೆದು ಬರುವಾಗಲೇ ಅಲ್ಲಿ ರಾಗಿಕಾಳಿನಂಥ ಒಂದು ಗಂಟು ಹೊತ್ತು ಬರುತ್ತದೆ; ಬೆಳೆದಂತೆ ಅದೂ ಬೆಳೆಯುತ್ತದೆ. ಹೆಣ್ಣಿನ ಹಿಮ್ಮಡಿ ನುಣುಪು. ಮಗಳು ಫೋನಿನ ಕ್ಯಾಮೆರಾ ಹಿಗ್ಗಿಸಿ ಬಲಗಾಲು ತೋರಿಸಿದಳು, ಎಡಗಾಲು ತೋರಿಸಿದಳು. ಗಂಟಿಲ್ಲ. ರಂಗಮ್ಮ! “ಹೋಗಲಿ, ಲಕ್ಷ್ಮಿ ಬಂದಳು ಬಿಡು” ಎಂದರು ಅಮ್ಮ.

ಮಡಗಾಸ್ಕರಿನ ಪ್ಯಾಂಥರ್ ಗೋಸುಂಬೆ ತಂದಿದ್ದರೆ ಈ ಸೌಕರ್ಯವೂ ಇರುತ್ತಿರಲಿಲ್ಲ. ಅದರ ಹಿಮ್ಮಡಿಯಲ್ಲಿ ಗಂಡಿಗೂ ಗಂಟಿಲ್ಲ. ಬಾಲದ ಬುಡ ಉಬ್ಬುತ್ತದೋ, ಮೈಗೆ ಢಾಳು ಬಣ್ಣ ಬರುತ್ತದೋ ಎಂದು ತಿಂಗಳುಗಟ್ಟಲೆ ಕಾಯಬೇಕು. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇನ್ನೂ ಸ್ವಾರಸ್ಯದ್ದನ್ನು ಹೇಳಿತು. ಯೆಮೆನ್ ಗೋಸುಂಬೆಯಲ್ಲಿ ಮನುಷ್ಯರಲ್ಲಿರುವ ಹಾಗೆ ಮರಿ ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವುದು ಅಪ್ಪನ ವರ್ಣತಂತು. ಪ್ಯಾಂಥರಿನಲ್ಲಿ ಕೋಳಿಯ ಹಾಗೆ ಅಮ್ಮನದು. ಹೆಣ್ಣು ಹೆತ್ತಳೆಂದು ಸೊಸೆಯನ್ನು ದೂರುವ ಹಕ್ಕು ಯಾರಿಗಾದರೂ ಇದ್ದರೆ ಅದು ಮಡಗಾಸ್ಕರಿನ ಅತ್ತೆ ಗೋಸುಂಬೆಗೆ ಮಾತ್ರ.

ಹೆಣ್ಣೆಂದು ತಿಳಿದ ಸಂಜೆಯೇ ನನ್ನ ಹೆಂಡತಿ ಒಂದು ಚೀಲ ಮರಳು ತರಿಸಿದಳು. ಅವಳು ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡಿನ ದಾದಿ. ಮುಂದಿನದನ್ನು ಮುಂದೆಯೇ ನೋಡುವವಳು. ಹೆಣ್ಣು ಗೋಸುಂಬೆ ಗಂಡಿನ ನೆರಳು ಕಾಣದೆಯೂ ಮೊಟ್ಟೆ ಇಡುತ್ತದೆ. ಆರು ತಿಂಗಳಾಗುವಷ್ಟರಲ್ಲೇ ಶುರುವಾದೀತು. ಒಂದೊಂದು ಸಲಕ್ಕೆ ಹತ್ತಾರು, ಮೈತುಂಬ ತಿಂದಿದ್ದರೆ ಎಂಬತ್ತರವರೆಗೂ. ಮರಿಯಾಗದ ಆ ಬರಡು ಮೊಟ್ಟೆಗಳನ್ನು ಹೂಳಲು ತೇವದ ಮಣ್ಣೋ ಮರಳೋ ಸಿಗದಿದ್ದರೆ ಅವಳು ಮೊಟ್ಟೆಯನ್ನು ಹೊಟ್ಟೆಯಲ್ಲೇ ಹಿಡಿದುಕೊಂಡು ಸಾಯುತ್ತಾಳೆ. ಗಂಡೋ ಹೆಣ್ಣೋ ಎಂದು ನೋಡಬೇಕಾದ್ದು ಹೆಸರಿಡಲಿಕ್ಕಲ್ಲ, ಹೆರಿಗೆ ಕೋಣೆ ಕಟ್ಟಲಿಕ್ಕೆ.

ಅದಕ್ಕೂ ಮೊದಲು ಸಂಸಾರ ಹೂಡಬೇಕಲ್ಲ! ಗಾಳಿಯಾಡುವ ಎತ್ತರದ ಬಲೆಗೂಡು, ಒಳಗೆ ಗಿಡ, ಅಡ್ಡಡ್ಡ ರೆಂಬೆ. ಮೇಲೊಂದು ಬಿಸಿ ದೀಪ: ಅದರ ಕೆಳಗಿನ ರೆಂಬೆಯಲ್ಲಿ 27ರಿಂದ 29 ಡಿಗ್ರಿ ಇರಬೇಕು. ಮಿಡ್‌ಲ್ಯಾಂಡ್ಸಿನ ಚಳಿಗಾಲದಲ್ಲಿ ಕರೆಂಟು ಬಿಲ್ಲಿಗೆ ಹೆದರಿ ನಾವು ಮನುಷ್ಯರು ಹದಿನೆಂಟು ಡಿಗ್ರಿಯಲ್ಲಿ ಸ್ವೆಟರ್ ಹಾಕಿಕೊಂಡು ಕೂರುವಾಗ, ಮನೆಯಲ್ಲಿ ಯೆಮೆನ್ ಹವೆ ಇರುವ ಒಂದೇ ಮೂಲೆ ಅದು. ಅಮ್ಮ ಜಪಮಣಿ ಸಮೇತ ಕುರ್ಚಿಯನ್ನು ಅಲ್ಲಿಗೇ ಎಳೆದುಕೊಂಡರು. ಪಕ್ಕದಲ್ಲೇ ನೇರಳಾತೀತ ಕಿರಣದ ಟ್ಯೂಬು. ಕಿಟಕಿಯ ಗಾಜು ಆ ಕಿರಣವನ್ನು ತಡೆದುಬಿಡುತ್ತದೆ, ಬರ್ಮಿಂಗ್‌ಹ್ಯಾಮಿನ ಮೋಡ ಗಾಜಿಗೆ ಆ ಶ್ರಮವನ್ನೂ ಕೊಡುವುದಿಲ್ಲ. ಕಿರಣ ಸಾಲದಿದ್ದರೆ ಮೈಯಲ್ಲಿ ಡಿ ಜೀವಸತ್ವ ಹುಟ್ಟದು, ಸುಣ್ಣದಂಶ ಹಿಡಿಯದು, ಮೂಳೆ ಮೆತ್ತಗಾಗಿ ಕಾಲು ಸೊಟ್ಟಗಾಗುತ್ತದೆ. ಬ್ರಿಟನ್ನಿನ ಆರೋಗ್ಯ ಇಲಾಖೆ ನಮ್ಮಂಥ ಕಂದು ಮೈಯವರಿಗೆ ವರ್ಷವಿಡೀ ದಿನಕ್ಕೆ 10 ಮೈಕ್ರೊಗ್ರಾಂ ಡಿ ಮಾತ್ರೆ ತಗೊಳ್ಳಿ ಎನ್ನುತ್ತದೆ. ರಂಗಮ್ಮನಿಗೆ ಮಾತ್ರೆಯ ಬದಲು ದೀಪ, ನಮಗೆ ದೀಪದ ಬದಲು ಮಾತ್ರೆ. ಟ್ಯೂಬು ಉರಿಯುತ್ತಿದ್ದರೂ ಕಿರಣ ಕ್ಷೀಣಿಸುತ್ತದೆ. ಹೆಚ್ಚೆಂದರೆ ವರ್ಷಕ್ಕೊಮ್ಮೆ ಬದಲಿಸಲೇಬೇಕು.

ನೀರಿನ ವಿಷಯದಲ್ಲಿ ಇವಳು ಬಹಳ ಮಡಿ. ಬಟ್ಟಲಲ್ಲಿಟ್ಟ ನೀರನ್ನು ನೀರೆಂದೇ ಗಣಿಸುವುದಿಲ್ಲ. ಎಲೆಯಿಂದ ಜಾರುವ ಹನಿಯನ್ನೇ ನೆಕ್ಕಬೇಕು. ಅಮ್ಮನನ್ನು ಮ್ಯಾಂಚೆಸ್ಟರ್ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗಿದ್ದೆವು. 2023ರಲ್ಲಿ ತೆರೆದ ದಕ್ಷಿಣ ಏಷ್ಯಾ ಗ್ಯಾಲರಿ ತೋರಿಸೋಣವೆಂದರೆ, ಅವರು ಪನಾಮಾದ ಅಳಿವಿನಂಚಿನ ಕಪ್ಪೆಗಳನ್ನು ಸಾಕುವ ವಿವೇರಿಯಂ ಮುಂದೆಯೇ ನಿಂತುಬಿಟ್ಟರು. ಆಕ್ಸ್‌ಫರ್ಡ್ ರಸ್ತೆಯಲ್ಲಿ ಕಪ್ಪೆಗೆ ಇಷ್ಟು ಉಪಚಾರ ನಡೆಯುವಾಗ ನಮ್ಮ ಹುಡುಗಿಗೇಕೆ ಕಡಿಮೆ ಎಂದು, ಅಂದಿನಿಂದ ಬೆಳಿಗ್ಗೆ ಸಂಜೆಯ ಪ್ರೋಕ್ಷಣೆ ಅವರದೇ ಕೆಲಸವಾಯಿತು. ನೀರೂ ಸಾಮಾನ್ಯದ್ದಲ್ಲ, 1904ರಿಂದ ವೇಲ್ಸಿನ ಎಲಾನ್ ಕಣಿವೆಯಿಂದ ಬರ್ಮಿಂಗ್‌ಹ್ಯಾಮಿಗೆ ಇಳಿಜಾರಿನಲ್ಲೇ ಹರಿದುಬರುವ ಮೆದು ನೀರು. ಅಮ್ಮ ‘ಗಂಗೇಚ ಯಮುನೇಚೈವ’ದ ಪಟ್ಟಿಗೆ ಎಲಾನನ್ನೂ ಸೇರಿಸಿಕೊಂಡರು.

ಊಟದ ಪ್ರಸಂಗ ಇಷ್ಟು ಸಲೀಸಾಗಿರಲಿಲ್ಲ. ಈರುಳ್ಳಿಯನ್ನೂ ಏಕಾದಶಿ ನೋಡಿ ಹೆಚ್ಚುವ ಮನೆಗೆ ವಾರವಾರ ಡಬ್ಬಿ ತುಂಬ ಜೀವಂತ ಮಿಡತೆ, ಜೀರುಂಡೆ ಬರತೊಡಗಿದವು. ಮಿಡತೆಗೂ ಒಳ್ಳೆಯ ಊಟ ಹಾಕಬೇಕು. ಅದರ ಹೊಟ್ಟೆಯಲ್ಲಿದ್ದದ್ದೇ ಗೋಸುಂಬೆಗೆ ಸಲ್ಲುವುದು. ಅಮ್ಮ ಕ್ಯಾರೆಟ್ ತುರಿದು ಹಾಕುತ್ತ, “ತಿನ್ರಪ್ಪ, ನಾಳೆ ಏನೋ ಎತ್ತೋ” ಎಂದು ಅವಕ್ಕೆ ವೇದಾಂತ ಬೋಧಿಸುತ್ತಿದ್ದರು. ಬಡಿಸುವ ಮುನ್ನ ಮಿಡತೆಗೆ ಸುಣ್ಣದ ಪುಡಿ ಲೇಪಿಸಬೇಕು. ಡಿ ಜೀವಸತ್ವ ಬೆರೆಸಿದ ಪುಡಿ ಹದಿನೈದು ದಿನಕ್ಕೊಮ್ಮೆ ಸಾಕು. ಒಮ್ಮೆ ತಪ್ಪಿಸಿಕೊಂಡ ಜೀರುಂಡೆಯೊಂದು ಬಾಯ್ಲರಿನ ಹಿಂದೆ ಸೇರಿ ರಾತ್ರಿಯಿಡೀ ಕಿರುಗುಟ್ಟಿತು. ನಾವು ನಿದ್ದೆಗೆಟ್ಟೆವು. ಅತಿಥಿಯಾಗಿ ಬಂದಿದ್ದ ಮೂಡಿಗೆರೆಯವನು ಮಾತ್ರ, ಇಂಗ್ಲೆಂಡಿಗೆ ಬಂದ ಮೇಲೆ ಇಷ್ಟು ಚೆನ್ನಾಗಿ ಮಲಗಿದ್ದು ಇದೇ ಮೊದಲು ಎಂದು ಹೇಳಿ, ಅದನ್ನು ಹಿಡಿಯಬೇಡಿ ಎಂದು ಕೇಳಿಕೊಂಡ.

ರಂಗಮ್ಮ ಪ್ರಾಯಕ್ಕೆ ಬಂದಾಗ ಮೈಮೇಲೆ ನೀಲಿ, ಹಳದಿ ಚುಕ್ಕೆಗಳೆದ್ದವು; ಮೊಟ್ಟೆ ಕಟ್ಟಿದ ಮೇಲೆ ಹಿನ್ನೆಲೆ ಕಪ್ಪಿಟ್ಟಿತು. ಗೋಸುಂಬೆ ಕೂತ ಜಾಗದ ಬಣ್ಣ ತಾಳುತ್ತದೆಂದು ನಂಬಿದ್ದ ಅಮ್ಮ ನನ್ನ ಗೆರೆ ಅಂಗಿಯನ್ನು ಅದರ ಬೆನ್ನಿಗೆ ಹಿಡಿದು ನೋಡಿದ್ದರು, ಗೆರೆ ಬರಲಿಲ್ಲ. ಬಣ್ಣ ಹೇಳುವುದು ಚಳಿ, ಸೆಕೆ, ಸಿಟ್ಟು, ಬಸಿರುಗಳನ್ನು. ಚರ್ಮದ ಕೋಶಗಳಲ್ಲಿ ಜೋಡಿಸಿಟ್ಟ ಸೂಕ್ಷ್ಮ ಹರಳುಗಳ ನಡುವಿನ ಅಂತರ ಬದಲಾದಂತೆ ಚಿಮ್ಮುವ ಬೆಳಕಿನ ಬಣ್ಣವೂ ಬದಲಾಗುತ್ತದೆಂದು ಜಿನೀವಾ ವಿಶ್ವವಿದ್ಯಾಲಯದವರು ಪ್ಯಾಂಥರ್ ಗೋಸುಂಬೆಯಲ್ಲಿ 2015ರಲ್ಲಿ ತೋರಿಸಿಕೊಟ್ಟರು.

ಈಗ ಮನೆಯಲ್ಲಿ ಬಾಣಂತನದ ಎರಡು ಪಂಥಗಳಾದವು. ಮೊಮ್ಮಗಳ ಪ್ರಕಾರ ಊಟ ಕಡಿಮೆ ಮಾಡಬೇಕು, ಶಾಖ ತಗ್ಗಿಸಬೇಕು. ಆಗ ಮೊಟ್ಟೆಗಳೂ ಕಡಿಮೆ, ಆಯುಷ್ಯವೂ ಹೆಚ್ಚು. ಅಜ್ಜಿಯ ಪ್ರಕಾರ ಬಸುರಿಯನ್ನು ಹಸಿವಿನಲ್ಲಿ ಇಡುವುದು ಏಳು ಜನ್ಮದ ಪಾಪ. ಶಾಸ್ತ್ರ ಮೊಮ್ಮಗಳ ಕಡೆಗಿತ್ತು. ಮಿಡತೆ ಡಬ್ಬಿಯ ಮುಚ್ಚಳ ಅಜ್ಜಿಯ ಕೈಗೆಟುಕುವಂತಿತ್ತು. ಡಬ್ಬಿಯನ್ನು ಅಟ್ಟಕ್ಕೆ ಸಾಗಿಸಿದೆವು. ಆದರೆ ಒಂದು ವಿಷಯದಲ್ಲಿ ಇಬ್ಬರೂ ಒಂದಾದರು. ರಂಗಮ್ಮ ಊಟ ಬಿಟ್ಟು, ರೆಂಬೆಯಿಂದಿಳಿದು ನೆಲದಲ್ಲಿ ಶತಪಥ ತಿರುಗತೊಡಗಿದಾಗ, ಒಂದಡಿ ಆಳದ ತೇವದ ಮರಳಿನ ತೊಟ್ಟಿಯನ್ನು ಒಳಗಿಟ್ಟು ಯಾರೂ ಇಣುಕಬಾರದು ಎಂದಳು ಮಗಳು. ಬಿಲ ತೋಡುವಾಗ ಯಾರಾದರೂ ನೋಡಿದರೆ ಅದು ಕೆಲಸ ಅಲ್ಲಿಗೇ ಬಿಟ್ಟುಬಿಡುತ್ತದಂತೆ. “ದೃಷ್ಟಿಯಾಗುತ್ತೆ ಅಂತ ನಾನು ಹೇಳಿದ್ರೆ ಮೂಢನಂಬಿಕೆ ಅಂತಿದ್ರಿ” ಎಂದು ಅಮ್ಮ ತಮ್ಮ ಇಳಕಲ್ ಸೀರೆಯನ್ನೇ ಗೂಡಿಗೆ ಪರದೆ ಕಟ್ಟಿದರು. ರಂಗಮ್ಮ ಸುರಂಗ ತೋಡಿ, ಮೊಟ್ಟೆಯಿಟ್ಟು, ಮರಳು ಮುಚ್ಚಿ, ತುಳಿದು ಗಟ್ಟಿಮಾಡಿ, ಏನೂ ಆಗಿಲ್ಲವೆಂಬಂತೆ ಮೇಲೆ ಹೋಗಿ ಕೂತಳು. ಬಾಯಾರಿದ್ದಳು, ಎಲಾನಿನ ನೀರು ಧಾರಾಳವಾಗಿ ಸುರಿಯಿತು.

ಸುದ್ದಿ ಟಿವಿಡೇಲ್ ಮುಟ್ಟಿತು. “ಪಾಪ, ಒಂಟಿ ಜೀವ. ಒಂದು ವರ ನೋಡಿ” ಎಂದು ಸಲಹೆ ಬಂತು, ಡರ್ಬಿಯಲ್ಲಿ ಯಾರ ಮನೆಯಲ್ಲೋ ಗಂಡಿದೆಯೆಂಬ ಸುಳಿವೂ. ಆದರೆ ಗೋಸುಂಬೆಗೆ ಸಂಗಾತಿಯೆಂದರೆ ಹಿಂಸೆ. ಕನ್ನಡಿಯಲ್ಲಿ ತನ್ನನ್ನೇ ಕಂಡರೂ ಮೈ ಕಪ್ಪಿಡುತ್ತದೆ. 2006ರ ಕಾಯ್ದೆ ಎಣಿಸುವ ಪ್ರಾಣಿಯ ಐದು ಅಗತ್ಯಗಳಲ್ಲಿ ಇತರರ ಜೊತೆಗಿರುವುದು ಅಥವಾ ದೂರವಿರುವುದೂ ಒಂದು. ಒಂಟಿಯಾಗಿರುವುದನ್ನು ಹೆಣ್ಣಿನ ಹಕ್ಕೆಂದು ಒಪ್ಪುವ ಈ ಕಾನೂನನ್ನು ಪಂಕ್ತಿಯಲ್ಲಿ ವಿವರಿಸಿದೆ. ಕೆಲವು ತಾಯಂದಿರು ತಮ್ಮ ಹೆಣ್ಣುಮಕ್ಕಳ ಕಿವಿಗೆ ಇದು ಬೀಳದಂತೆ ನೋಡಿಕೊಂಡರು.

ಆದ್ದರಿಂದ ಈ ದೇಶದ ಕನ್ನಡ ಬಂಧುಗಳಲ್ಲಿ ನನ್ನದೊಂದು ವಿನಂತಿ. ಯೆಮೆನ್ ಗೋಸುಂಬೆ ತರುವ ಮುನ್ನ ಹಿಮ್ಮಡಿ ನೋಡಿ. ಗಂಟಿದ್ದರೆ ಗಂಡು: ದೀಪ, ಹನಿ, ಸುಣ್ಣದ ಪುಡಿ ಕೊಟ್ಟು ಒಂಟಿಯಾಗಿ ಬಿಟ್ಟರೆ ಸಾಕು. ಗಂಟಿಲ್ಲದಿದ್ದರೆ ಇದರ ಜೊತೆಗೆ ಮರಳು ತನ್ನಿ. ಗೋಸುಂಬೆ ನೋಡಬಲ್ಲ ಪಶುವೈದ್ಯರು ಯಾರೆಂದು ಮೊದಲೇ ವಿಚಾರಿಸಿಟ್ಟುಕೊಳ್ಳಿ, ಮೊಟ್ಟೆ ಸಿಕ್ಕಿಕೊಂಡ ದಿನ ಹುಡುಕಲು ಹೊತ್ತಿರುವುದಿಲ್ಲ. ಇಷ್ಟು ಆಗದು ಅನ್ನಿಸಿದರೆ ಮ್ಯಾಂಚೆಸ್ಟರಿಗೆ ಹೋಗಿ ಕಪ್ಪೆಗಳನ್ನು ನೋಡಿಕೊಂಡು ಬನ್ನಿ. ಮ್ಯೂಸಿಯಮ್ಮಿಗೆ ಪ್ರವೇಶ ಉಚಿತ.