ಒಂಬತ್ತರ ಮಹಿಮೆ

ಕೆರೂರ ಪೇಟೆಯ ಸಾಹುಕಾರರು ಗಾಬರಿಯಾಗಬಾರದು. 2025ರ ನವೆಂಬರ್ 21ರಂದು ದಿಲ್ಲಿಯವರು 29 ಹಳೆಯ ಕಾರ್ಮಿಕ ಕಾಯ್ದೆಗಳನ್ನು ನಾಲ್ಕು ಸಂಹಿತೆಗಳಲ್ಲಿ ಗಂಟು ಕಟ್ಟಿ ಜಾರಿಗೆ ತಂದದ್ದು ಖರೆ. ಕೆಲಸಕ್ಕೆ ಇಟ್ಟುಕೊಂಡವರ ಕೈಗೆ ನೇಮಕಾತಿ ಪತ್ರ ಕೊಡಿ ಎಂದದ್ದೂ ಖರೆ. ಆಳಿನ ಹೆಸರು ಬರೆದರೆ ಸಂಬಳವನ್ನೂ ಬರೆಯಬೇಕಾದೀತಲ್ಲ ಎಂಬ ನಿಮ್ಮ ಸಂಕಟ ನಮಗೆ ತಿಳಿಯುತ್ತದೆ. ಅದಕ್ಕೇ ನಾವಿದ್ದೇವೆ. ಕಾನೂನಿಗೆ ಬಾಗಿಲು ತೆರೆದಂತೆ ಕಾಣಬೇಕು, ಅದು ಮಾತ್ರ ಒಳಗೆ ಬರಬಾರದು. ಅಂಥ ಕರಾರು ಬರೆದುಕೊಡುವುದೇ ನಮ್ಮ ದಂಧೆ.

ಮೊದಲ ಸಲಹೆ ಪುಕ್ಕಟೆ. ಒಂಬತ್ತಕ್ಕೆ ನಿಲ್ಲಿಸಿ. ನೇಮಕಾತಿ ಪತ್ರ ಬೇಕೆನ್ನುವ ಸುರಕ್ಷತಾ ಸಂಹಿತೆ ಸಾಮಾನ್ಯವಾಗಿ ಹತ್ತು ಆಳು ಕೂಡಿದ ಮೇಲೆಯೇ ಕಣ್ಣು ಬಿಡುತ್ತದೆ. ಲೈಂಗಿಕ ಕಿರುಕುಳ ತಡೆಯಲು 2013ರ ಕಾಯ್ದೆ ಹೇಳುವ ಆಂತರಿಕ ಸಮಿತಿಗೂ ಹತ್ತೇ ಗಡಿ. ಇಎಸ್‌ಐಗೂ ಹತ್ತು. ಹೀಗಾಗಿ ಶೆಡ್ಡಿನ ನಡುವೆ ಒಂದು ಪ್ಲೈವುಡ್ ನಿಲ್ಲಿಸಿ. ಈ ಕಡೆಯ ಒಂಬತ್ತು ಮಂದಿ ನಿಮ್ಮವರು, ಆ ಕಡೆಯ ಒಂಬತ್ತು ಮಂದಿ ನಿಮ್ಮ ತಮ್ಮನವರು. ಹದಿನೆಂಟು ಮಂದಿ ಒಂದೇ ಕೊಡದ ನೀರು ಕುಡಿದರೂ ಕಾಗದದ ಮೇಲೆ ಎರಡು ಊರು.

ಸಣ್ಣ ತೊಡಕು ಒಂದಿದೆ. ಕನಿಷ್ಠ ವೇತನಕ್ಕೆ ಈ ಎಣಿಕೆ ತಟ್ಟುವುದಿಲ್ಲ, ಒಬ್ಬನೇ ಆಳಿದ್ದರೂ ಅಷ್ಟು ಕೊಡಬೇಕು. "ಕಡಿಮೆ ಕೊಟ್ಟರೂ ನನಗೆ ಒಪ್ಪಿಗೆ" ಎಂದು ಅವನಿಂದ ಬರೆಸಿಕೊಂಡರೆ ಆ ಒಪ್ಪಿಗೆಗೆ ಬೆಲೆಯಿಲ್ಲ ಎಂದು 1948ರ ಕಾಯ್ದೆಯೇ ಹೇಳಿತ್ತು. ಸಮಿತಿಯ ವಿಷಯದಲ್ಲೂ ಹಾಗೆಯೇ. ಹತ್ತಕ್ಕಿಂತ ಕಡಿಮೆ ಮಂದಿ ಇರುವಲ್ಲಿಯ ಹೆಣ್ಣುಮಗಳು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ನಿಮ್ಮ ಪ್ಲೈವುಡ್ಡಿನ ಎತ್ತರ ಜಿಲ್ಲಾ ಕೇಂದ್ರ ಬಾಗಲಕೋಟೆಗೆ ಕಾಣುವುದಿಲ್ಲ.

ಅಕಸ್ಮಾತ್ ಹತ್ತು ಮುಟ್ಟಿದಿರೋ, ಸಮಿತಿ ಮಾಡಲೇಬೇಕು, ಮಾಡದಿದ್ದರೆ 50,000 ರೂಪಾಯಿವರೆಗೆ ದಂಡ. ಹಾಗಂತ ಮನೆಯವರನ್ನು ಅಧ್ಯಕ್ಷೆ, ಮಗಳನ್ನು ಸದಸ್ಯೆ, ಬೀಗತಿಯನ್ನು ಹೊರಗಿನ ಸದಸ್ಯೆ ಮಾಡಿ ಬೋರ್ಡು ತೂಗುಹಾಕಬೇಡಿ. ಅಲ್ಲಿ ದುಡಿಯುವ ಹಿರಿಯ ಮಹಿಳೆಯೇ ಅಧ್ಯಕ್ಷೆ ಆಗಬೇಕು, ಈ ವಿಷಯ ಬಲ್ಲ ಹೊರಗಿನವರೊಬ್ಬರು ಇರಬೇಕು. ಬೀಗತಿ ಹೊರಗಿನವಳು ಅನ್ನುವುದು ನಿಮ್ಮ ಮನೆಯ ಮಾತು, ಕಾನೂನಿನದಲ್ಲ.

ಇನ್ನು ಕರಾರು. ನಮ್ಮಲ್ಲಿ ಹದಿನಾಲ್ಕು ಪುಟದ್ದೊಂದು ತಯಾರಿದೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯದನ್ನು ಇಳಿಸಿಕೊಂಡು ಹೆಸರಷ್ಟೇ ಬದಲಿಸಿದ್ದೇವೆ. ಜವಳಿ ಅಂಗಡಿಯ ಹುಡುಗ ಕಂಪನಿಯ ಸೋರ್ಸ್ ಕೋಡ್ ಹೊರಗೆ ಬಿಡಬಾರದು ಎಂದು ಅದರಲ್ಲಿದೆ. ತಕರಾರು ಬಂದರೆ ಅಮೆರಿಕದ ಡೆಲವೇರ್ ರಾಜ್ಯದ ಕಾನೂನು ಎಂದೂ ಇದೆ. ರಜೆಯ ಪಟ್ಟಿಯಲ್ಲಿ ಥ್ಯಾಂಕ್ಸ್‌ಗಿವಿಂಗ್ ಉಂಟು, ಬನಶಂಕರಿ ಜಾತ್ರೆ ಇಲ್ಲ. ಪೂರ್ತಿ ಇಂಗ್ಲಿಷಿನಲ್ಲಿರುವುದರಿಂದ ಸಹಿ ಮಾಡುವವನಿಗೂ ಮಾಡಿಸುವವರಿಗೂ ಸಮನಾದ ಅಜ್ಞಾನ. ಇದಕ್ಕಿಂತ ದೊಡ್ಡ ಸಮಾನತೆ ಯಾವ ಸಂವಿಧಾನ ಕೊಟ್ಟೀತು? ಕೆಲಸದ ನಿಯಮಗಳನ್ನು, ಅಂದರೆ ಸ್ಥಾಯಿ ಆದೇಶಗಳನ್ನು, ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿ ಬಾಗಿಲ ಬಳಿ ಹಚ್ಚಬೇಕು ಎನ್ನುತ್ತಿತ್ತು 1946ರ ಕೇಂದ್ರ ಕಾಯ್ದೆ. ಅದಕ್ಕಿದ್ದ 100 ಆಳಿನ ಗಡಿ ಈಗ 300ಕ್ಕೆ ಏರಿದೆ. ಕೆರೂರ ಶೆಡ್ಡಿಗೆ 300 ಎಂದರೆ ಅದೇ ಒಂದು ಜಾತ್ರೆ.

ಪುಟ ಆರರಲ್ಲಿ ನಮ್ಮ ಹೆಮ್ಮೆಯ ಕಲಮು ಇದೆ: ಕೆಲಸ ಬಿಟ್ಟವನು ಎರಡು ವರ್ಷ ಬಾದಾಮಿ, ಗುಳೇದಗುಡ್ಡ, ಇಳಕಲ್ಲಿನಲ್ಲಿ ಇದೇ ಕಸುಬು ಮಾಡಕೂಡದು. ಓದಿದ ಹುಡುಗ ಬೆವರುತ್ತಾನೆ. ಆದರೆ ಇಂಥ ಕಟ್ಟುಪಾಡು ಅನೂರ್ಜಿತ ಎಂದು 1872ರ ಕರಾರು ಕಾಯ್ದೆಯ 27ನೇ ಕಲಮು ಹೇಳುತ್ತದೆ. ಆಗ ನಮ್ಮ ಜಿಲ್ಲಾ ಕೇಂದ್ರ ಕಲಾದಗಿ. ಕೇಂದ್ರ ವಿಜಾಪುರಕ್ಕೆ ಹೋಯಿತು, ಅಲ್ಲಿಂದ ಬಾಗಲಕೋಟೆಗೆ ಬಂತು. ಕಲಮು ಮಾತ್ರ ಕೂತಲ್ಲೇ ಕೂತಿದೆ.

"ಅಲ್ರೀ, ವಿಜಯಾ ಬ್ಯಾಂಕಿನ ಬಾಂಡ್ ನಡೀತದ ಅಂತ ಸುಪ್ರೀಂ ಕೋರ್ಟೇ ಹೇಳೇತಂತಲ್ರಿ?" ಎಂದು ಸಾಹುಕಾರರೊಬ್ಬರು ಪೇಪರು ಹಿಡಿದು ಬಂದರು. ಹೌದು, 2025ರಲ್ಲಿ ಹೇಳಿದೆ. ಮೂರು ವರ್ಷದ ಮೊದಲೇ ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕೆಂಬ ಷರತ್ತನ್ನು ಕೋರ್ಟು ಒಪ್ಪಿತು. ಸರಕಾರಿ ಬ್ಯಾಂಕು ಮತ್ತೆ ಜಾಹೀರಾತು ಕೊಟ್ಟು ಮುಕ್ತ ಸ್ಪರ್ಧೆಯಲ್ಲಿ ಆಯ್ಕೆ ನಡೆಸಬೇಕು, ಅದಕ್ಕೆ ಖರ್ಚಿದೆ ಎಂಬುದು ಅಲ್ಲಿಯ ಲೆಕ್ಕ. "ನೀವು ನಿಮ್ಮ ಹುಡುಗನ್ನ ಯಾವ ಪರೀಕ್ಷೆ ಮಾಡಿ ತಗೊಂಡ್ರಿ?" ಎಂದು ಕೇಳಿದೆವು. "ಅವರ ಸೋದರಮಾವ ಹೇಳಿದ್ದ್ರಿ" ಎಂದರು. ಹುಡುಗನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು ಇನ್ನೂ ಅವರ ತಿಜೋರಿಯಲ್ಲೇ ಇದೆ.

ನೇಕಾರಿಕೆಗೆ ನಮ್ಮಲ್ಲಿ ಬೇರೆ ನಮೂನೆ. ಮಜೂರಿ ನೇಕಾರನನ್ನು ನೌಕರ ಎನ್ನಲೇಬೇಡಿ, 'ಸ್ವತಂತ್ರ ಉದ್ಯಮಿ' ಎಂದು ಬರೆಯಿರಿ. ನೂಲು ಸಾಹುಕಾರರದು, ದಡಿಯ ನಮೂನೆ ಸಾಹುಕಾರರದು, ಇಳಿಸಿದ ಸೀರೆ ಸಾಹುಕಾರರದು, ಸೊಂಟನೋವೊಂದು ಮಾತ್ರ ಉದ್ಯಮಿಯದು. 1973ರಲ್ಲಿ ಸಿಲ್ವರ್ ಜ್ಯುಬಿಲಿ ಟೇಲರಿಂಗ್ ಹೌಸ್ ಕೂಡ ಹೀಗೇ ವಾದಿಸಿ ನೋಡಿತು. ನಮ್ಮ ದರ್ಜಿಗಳಿಗೆ ತುಂಡಿಗಿಷ್ಟು ಕೂಲಿ, ಕೆಲವರು ಬಟ್ಟೆ ಮನೆಗೆ ಒಯ್ಯುತ್ತಾರೆ, ಇವರು ನೌಕರರೇ ಅಲ್ಲ ಎಂದಿತು. ಹೊಲಿಗೆ ಸರಿಯಿಲ್ಲವೆಂದು ಬಿಚ್ಚಿಸಿ ಮತ್ತೆ ಹೊಲಿಸುವ ಅಧಿಕಾರ ನಿಮಗಿದೆಯಲ್ಲ, ಹಾಗಾದರೆ ನೌಕರರೇ ಎಂದಿತು ಸುಪ್ರೀಂ ಕೋರ್ಟು. ದಡಿ ಸೊಟ್ಟಾಯಿತೆಂದು ಮಜೂರಿ ಮುರಿಯುವವರು ಈ ತೀರ್ಪು ಓದದಿರುವುದೇ ಲೇಸು.

ಮುಂಗಡ ಕೊಟ್ಟಿದ್ದೀರೋ, ವಸೂಲಿ ಮಾಡಿಕೊಳ್ಳಿ. ತೀರುವ ತನಕ ಬೇರೆ ಸಾಹುಕಾರರ ಮಗ್ಗಕ್ಕೆ ಕೂರಬಾರದು ಎಂದು ಮಾತ್ರ ಬರೆಸಿಕೊಳ್ಳಬೇಡಿ. ಸಾಲ ಕೊಟ್ಟು ದುಡಿಮೆಯ ಸ್ವಾತಂತ್ರ್ಯವನ್ನೇ ಒತ್ತೆ ಹಿಡಿದರೆ 1976ರ ಕಾಯ್ದೆ ಅದನ್ನು ಜೀತ ಎನ್ನುತ್ತದೆ. ನೀವು 'ವಿಶ್ವಾಸದ ಸಂಬಂಧ' ಎನ್ನುತ್ತೀರಿ. ಜೈಲಿನ ಬಾಗಿಲಲ್ಲಿ ಮೊದಲಿನ ಹೆಸರೇ ನಡೆಯುತ್ತದೆ.

ಒಮ್ಮೆ ಒಬ್ಬ ವಿಚಿತ್ರ ಗಿರಾಕಿ ಬಂದ. "ಕಾಯ್ದೆ ಪ್ರಕಾರ ನಿಲ್ಲೂವಂಥಾದ್ದ ಬರದುಕೊಡ್ರಿ" ಎಂದ. ಬರೆದೆವು. ಆಳಿನ ಹೆಸರು, ಕೆಲಸ. ಕನಿಷ್ಠ ವೇತನಕ್ಕೆ ಕಡಿಮೆಯಿಲ್ಲದ ಸಂಬಳ, ಮುಂದಿನ ತಿಂಗಳ 7ರೊಳಗೆ ಪಾವತಿ. ಕೆಲಸದ ತಾಸು, ಹೆಚ್ಚಿನ ತಾಸಿಗೆ ಎರಡು ಪಟ್ಟು. ನವೆಂಬರ್ 1 ಸೇರಿ ರಾಷ್ಟ್ರೀಯ ರಜೆ, ಹಬ್ಬದ ರಜೆ. ಬಿಡಬೇಕಾದರೆ, ಬಿಡಿಸಬೇಕಾದರೆ ಇಬ್ಬರಿಗೂ ಒಂದೇ ನೋಟಿಸು. ಬಿಟ್ಟ ಎರಡು ಕೆಲಸದ ದಿನದೊಳಗೆ ಲೆಕ್ಕ ಚುಕ್ತಾ. ಎಲ್ಲ ಕನ್ನಡದಲ್ಲೇ, ಅರ್ಧ ಪುಟದಲ್ಲಿ ಮುಗಿಯಿತು.

ಅರ್ಧ ಪುಟಕ್ಕೆ ಫೀಸು ಎಷ್ಟೆಂದು ಕೇಳುವುದು? ಅವನನ್ನು ಸಾಗಹಾಕಿದೆವು. ನೀವು ಹದಿನಾಲ್ಕು ಪುಟದ್ದನ್ನೇ ಒಯ್ಯಿರಿ. ಅದು ಕೋರ್ಟಿನಲ್ಲಿ ಬಿದ್ದ ದಿನ ಮತ್ತೆ ನಮ್ಮಲ್ಲಿಗೇ ಬರುತ್ತೀರಿ, ಆಗ ಇಪ್ಪತ್ತೆಂಟು ಪುಟದ್ದು ಕೊಡುತ್ತೇವೆ.