ಕುಂಟೆತ್ತಿನ ಗಳಿಕೆ

ಮಕ್ಕಳ ಕೈಗೆ ಏನಾದರೂ ಕೆಲಸ ಹಚ್ಚಿರಿ, ಮೊಬೈಲು ತಾನಾಗಿ ಕೆಳಗಿಳಿಯುತ್ತದೆ ಎಂದು ಉಪದೇಶ ಮಾಡುವವರು ಬಹಳ. ಆಮೇಲೆ ಪಡಸಾಲೆ ಸಾರಿಸುವವರು ಯಾರು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ನಮ್ಮ ಮೊಮ್ಮಕ್ಕಳಿಗೆಂದು ಬೆಂಗಳೂರಿನಿಂದ ಒಂದು ಡಬ್ಬಿ ಬಂತು. ಒಳಗೆ ಕೆಂಪು, ಹಸಿರು, ಹಳದಿ ಮಣ್ಣಿನ ಉಂಡೆಗಳು. ಬೆಲೆ ಓದಿದ ನನ್ನ ಹೆಂಡತಿ, "ಇಷ್ಟು ರೊಕ್ಕಕ್ಕ ಹೊಲದಾಗಿನ ಮಣ್ಣು ಟ್ರ್ಯಾಕ್ಟರ್‌ಗಟ್ಟಲೆ ಬರ್ತಿತ್ತಲ್ರೀ!" ಎಂದಳು. ಸಿಂಧನೂರಿನವರು ದುಡ್ಡು ಕೊಟ್ಟು ಮಣ್ಣು ತರಿಸುವುದೆಂದರೆ ತುಂಗಭದ್ರೆಯ ದಂಡೆಯಲ್ಲಿ ಕೂತು ಬಾಟಲಿ ನೀರು ಕುಡಿದಂತೆ. ಅದನ್ನೂ ಈಗ ಕುಡಿಯುತ್ತೇವೆ, ಬಿಡಿ.

ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರ ಬಂದಿತ್ತು. ಕಾರಹುಣ್ಣಿಮೆಗೆ ನಿಜದ ಎತ್ತುಗಳ ಕೊಂಬಿಗೆ ಬಣ್ಣ ಬಳಿದ ಹದಿನೈದು ದಿನಕ್ಕೆ ಮಣ್ಣಿನ ಎತ್ತುಗಳ ಸರದಿ. ಎರೆಮಣ್ಣಿನ ಜೋಡೆತ್ತು, ಮುಂದೊಂದು ಗೋದಲಿ, ಜಗಲಿಯ ಮೇಲೆ ಪೂಜೆ, ಹೊಟ್ಟೆಗೆ ಹೋಳಿಗೆ. ಆಮೇಲೆ ಆಷಾಢದ ಮಂಗಳವಾರ ಗುಳ್ಳವ್ವ, ಶ್ರಾವಣಕ್ಕೆ ನಾಗಪ್ಪ, ಭಾದ್ರಪದಕ್ಕೆ ಗಣಪ, ಅವನ ಬೆನ್ನಿಗೇ ಜೋಕುಮಾರ. ಮಳೆಗಾಲವಿಡೀ ಮಕ್ಕಳ ಕೈ ಮಣ್ಣಾಗಿರಲಿ ಎಂದು ಪಂಚಾಂಗ ಬರೆದವರೇ ಏರ್ಪಾಡು ಮಾಡಿಟ್ಟಿದ್ದಾರೆ. ಬಣ್ಣ ಹಚ್ಚಿದ ಜೋಡಿ ಬಜಾರಿನಲ್ಲಿ ಸಿಗುತ್ತಿತ್ತು. ನಾನೇ ಹುಮ್ಮಸ್ಸಿನಲ್ಲಿ, "ಮನ್ಯಾಗ ಮಾಡೂಣು" ಎಂದುಬಿಟ್ಟೆ.

ನಮ್ಮ ಓಣಿಯಲ್ಲೆಲ್ಲ ಸಿಸಿ ರಸ್ತೆ. ಹಿಡಿ ಮಣ್ಣಿಗಾಗಿ ಗೆಳೆಯನ ಗದ್ದೆಗೆ ಹೋಗಬೇಕಾಯಿತು. ಕಾಲುವೆಗೆ ಇನ್ನೂ ನೀರು ಬಿಟ್ಟಿರಲಿಲ್ಲ, ಹೆಂಟೆಗಳು ಕಲ್ಲಾಗಿ ಬಿದ್ದಿದ್ದವು. ನಾನು ಹುಡುಗನಾಗಿದ್ದಾಗ ಇಂಥ ಹೊಲಗಳಲ್ಲಿ ಜೋಳ ಇರುತ್ತಿತ್ತು. ಜೋಳದ ದಂಟು ಸಿಕ್ಕರೆ ನಮಗೆ ಬೇರೆ ಆಟಿಕೆ ಬೇಡ. ಹಲ್ಲಿನಿಂದ ಸಿಬರು ಸುಲಿದು, ಒಳಗಿನ ಬೆಂಡು ತುಂಡರಿಸಿ ಚುಚ್ಚುತ್ತ ಹೋದರೆ ಬಂಡಿ, ಅದೇ ಸಿಬರು ಬಗ್ಗಿಸಿದರೆ ಮೂಗಿನ ಮೇಲೆ ಚಾಳೀಸು. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟಾಯಿತು, ಎಡದಂಡೆ ಕಾಲುವೆಯ ನೀರು ಹರಿಯಿತು, ಜೋಳದ ಜಾಗಕ್ಕೆ ಸೋನಾ ಮಸೂರಿ ಬಂತು. ಭತ್ತದ ಹುಲ್ಲಿನಿಂದ ಬಂಡಿ ಮಾಡಲು ಬರುವುದಿಲ್ಲ. ಈ ದೂರನ್ನು ನಾನು ಬಿಸಿ ಅನ್ನ ಉಂಡು ಕೈ ತೊಳೆದ ಮೇಲೆಯೇ ಹೇಳುವುದು.

ಮಣ್ಣು ನೆನೆಯಿತು, ನಾದಿದ್ದಾಯಿತು. ಮೊಮ್ಮಗಳು ಚಕಚಕನೆ ಗೋದಲಿ ಮುಗಿಸಿ ನನ್ನ ಎತ್ತನ್ನೇ ನೋಡುತ್ತ ಕೂತಳು. "ತಾತ, ಹಂದಿಗೂ ಕೊಂಬು ಇರ್ತಾವೇನು?" ನಾನು ಉತ್ತರ ಕೊಡದೆ ಹಿಣಿಲು ಎತ್ತರಿಸಿದೆ. ಹಿಣಿಲೊಂದಿದ್ದರೆ ಸಾಕು, ಎತ್ತೆಂದು ಗುರುತು ಸಿಗುತ್ತದೆ. ಲಿಂಗಸೂಗೂರು ತಾಲ್ಲೂಕಿನ ಪಿಕ್ಲಿಹಾಳದ ಬಂಡೆಗಳ ಮೇಲೆ ಹೊಸ ಶಿಲಾಯುಗದ ದನಗಾಹಿಗಳು ಬರೆದದ್ದೂ ಹಿಣಿಲಿನ ದನಗಳನ್ನೇ. ನಾಲ್ಕು ಸಾವಿರ ವರ್ಷಗಳಿಂದ ಈ ಭಾಗದವರ ಕೈಗೆ ಎತ್ತು ರೂಢಿಯಾಗಿದೆ. ನನ್ನ ಕೈಗೆ ಬರುವಷ್ಟರಲ್ಲಿ ಏನೋ ಎಡವಟ್ಟಾಗಿರಬೇಕು.

ಎರೆಮಣ್ಣಿನ ಸ್ವಭಾವವೇ ಹಾಗೆ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಅದರೊಳಗಿನ ಮಾಂಟ್‌ಮೊರಿಲೊನೈಟ್ ಎಂಬ ಖನಿಜದ ಕಿತಾಪತಿ ಅದು. ಇಲ್ಲಿ ಮನೆ ಕಟ್ಟುವವರು ಎರೆ ತೆಗೆದು ಮರಂ ತುಂಬುವುದು ಇದೇ ಭಯಕ್ಕೆ. ಎತ್ತಿಗೂ ಅದೇ ಎಚ್ಚರ ಬೇಕು. ಮಣ್ಣು ಜರಡಿ ಹಿಡಿದು, ತುಸು ಬೂದಿ, ಹೆಂಡಿ ಬೆರೆಸಬೇಕು. ಕಾಲೊಳಗೆ ಕಸಬರಿಗೆ ಕಡ್ಡಿ ಇಡಬೇಕು, ನೆರಳಲ್ಲಿ ಒಣಗಿಸಬೇಕು. ಕಣ್ಣಿಗೆ ಗುಲಗಂಜಿ ಚೆಂದ, ಆದರೆ ಅದು ವಿಷದ ಕಾಳು. ಚಿಕ್ಕ ಮಕ್ಕಳಿದ್ದರೆ ಜೋಳದ ಕಾಳೇ ವಾಸಿ. ಇಷ್ಟೆಲ್ಲ ತಿಳಿದ ನನ್ನ ಹೆಂಡತಿ ಅಡುಗೆಮನೆಯಲ್ಲಿ ಹೂರಣ ರುಬ್ಬುತ್ತಿದ್ದಳು. ನಾನು ಎತ್ತನ್ನು ಮಾಳಿಗೆಯ ಬಿಸಿಲಿಗಿಟ್ಟು ಬಂದಿದ್ದೆ.

ಪೂಜೆಯೇನೋ ಸುಸೂತ್ರವಾಯಿತು. ಮರುದಿನ ಮೊಮ್ಮಗ ಎತ್ತಿಕೊಂಡಾಗ ಹಿಂಗಾಲೊಂದು ಅವನ ಕೈಯಲ್ಲೇ ಉಳಿಯಿತು. ಅಳುತ್ತಾನೆಂದು ನಾನು ಸಮಾಧಾನದ ಮಾತು ಹುಡುಕುತ್ತಿದ್ದರೆ ಅವನು ಕುಣಿಯತೊಡಗಿದ. ಅಮಾವಾಸ್ಯೆಯ ಮರುದಿನ ಓಣಿಯ ಮಕ್ಕಳು ಮನೆಮನೆಗೆ ಹೊತ್ತು ತಿರುಗಿ ಜೋಳ ಬೇಡುವುದು ಕುಂಟೆತ್ತನ್ನೇ! ಬಜಾರಿನ ಗಟ್ಟಿ ಎತ್ತು ತಂದವರು ಕಾಲು ಮುರಿಯಲಾರದೆ ಒದ್ದಾಡುತ್ತಿದ್ದರು. ನಮ್ಮದು ಹುಟ್ಟಾ ಕುಂಟು.

ಪಡೆ ಹೊರಟಿತು. ಜೋಳ ಯಾರ ಮನೆಯಲ್ಲಿದೆ? ಅಕ್ಕಿ ಬಂತು, ಹತ್ತರ ನೋಟು ಬಂತು. ಮೂಲೆಮನೆಯ ಅಕ್ಕನವರು ಎತ್ತಿನ ಹೊಟ್ಟೆ ತಿರುಗಿಸಿ ನೋಡಿ, "ಸ್ಕ್ಯಾನರ್ ಅಂಟಿಸಿಲ್ಲೇನ್ರೋ?" ಎಂದರಂತೆ. ಸಂಜೆಗೆ ಆ ರೊಕ್ಕದಲ್ಲಿ ಮಂಡಾಳ ಒಗ್ಗರಣೆ, ಮಿರ್ಚಿ ಬಂದವು. ಹಂಚುವ ಅಧಿಕಾರ ಮೊಮ್ಮಗಳದ್ದು. ಕಾಲು ಮುರಿದ ತಮ್ಮನಿಗೆ ಎರಡು ಮಿರ್ಚಿ, ಎತ್ತು ಮಾಡಿದ ನನಗೆ ಒಂದು. ಅದರಲ್ಲೂ ತುದಿ ಮುರಿದು ತಾನು ತಿಂದಳು.