ಕೆಲಸವಿಲ್ಲದ ಅಘನಾಶಿನಿಗೊಂದು ಬಹಿರಂಗ ಪತ್ರ

ತಂಗೀ ಅಘನಾಶಿನಿ,

ನಿನ್ನ ಹಿತ ಬಯಸುವವನು ನಾನು. ನೇರವಾಗಿ ಹೇಳಿದೆನೆಂದು ಬೇಸರ ಮಾಡಿಕೊಳ್ಳಬೇಡ. ಶಿರಸಿಯ ಶಂಕರಹೊಂಡದಲ್ಲೊಂದು, ಮಂಜುಗುಣಿಯ ಕಡೆಗೊಂದು ಎಂದು ಎರಡು ಕವಲಾಗಿ ಹುಟ್ಟಿ, ಘಟ್ಟ ಇಳಿದು, ಕುಮಟಾ ತಾಲ್ಲೂಕಿನಲ್ಲಿ ಕಡಲು ಸೇರುವವರೆಗೆ ಸುಮಾರು 120 ಕಿಲೋಮೀಟರ್ ನೀನು ಮಾಡುವುದಾದರೂ ಏನು? ಹರಿಯುತ್ತೀ. ಅಷ್ಟೇ.

ಅಕ್ಕಂದಿರನ್ನು ನೋಡಿ ಕಲಿಯಬಾರದೆ? ಕಾಳಿ ಸೂಪಾ ಅಣೆಕಟ್ಟಿನಲ್ಲಿ ಒಂದು ಪಾಳಿ ಮುಗಿಸಿ ಕೊಡಸಳ್ಳಿಗೆ ಓಡುತ್ತಾಳೆ, ಅಲ್ಲಿಂದ ಕದ್ರಾಕ್ಕೆ. ಜೊತೆಗೆ ಕೈಗಾ ಅಣುಸ್ಥಾವರದ ಬಾಯಾರಿಕೆಯನ್ನೂ ನೋಡಿಕೊಳ್ಳುತ್ತಾಳೆ. ಶರಾವತಿಗೆ 1964ರಿಂದ ಲಿಂಗನಮಕ್ಕಿಯಲ್ಲಿ ಖಾಯಂ ನೌಕರಿ. ಜೋಗದ 253 ಮೀಟರ್ ಜಿಗಿಯಬೇಕೆಂದರೂ ಮೇಲಿನವರು ಗೇಟು ತೆಗೆಯಬೇಕು. ನೀನೋ, ಉಂಚಳ್ಳಿಯಲ್ಲಿ 116 ಮೀಟರ್ ಕೆಳಗೆ ಯಾರಪ್ಪಣೆಯೂ ಇಲ್ಲದೆ ಧುಮುಕುತ್ತೀ. ಪಕ್ಕದವರ ಮಾತು ಕಿವಿಗೆ ಬೀಳದಷ್ಟು ಸದ್ದು. ಊರವರು ಕೆಪ್ಪಜೋಗ ಎಂದದ್ದು ಅದಕ್ಕೇ. ಅಷ್ಟೆಲ್ಲ ಸದ್ದು ಮಾಡಿ ಒಂದು ಬಲ್ಬನ್ನಾದರೂ ಹೊತ್ತಿಸಿದ್ದೀಯಾ? (ಪಕ್ಕದ ಗಂಗಾವಳಿಯ ಸಹವಾಸವನ್ನೂ ಸ್ವಲ್ಪ ಕಡಿಮೆ ಮಾಡು. ಅವಳೂ ನಿನ್ನ ಹಾಗೆ ಕೆಲಸವಿಲ್ಲದವಳೇ.)

ಕಾಡಿನೊಳಗೆ ರಾಮಪತ್ರೆ ಜಡ್ಡಿ, ಸಿಂಗಳೀಕ, ದಂಡೆಯಲ್ಲಿ ಉಪ್ಪಿನಕಾಯಿಯ ಅಪ್ಪೆಮಿಡಿ ಎಂದು ನಿನ್ನ ಕಡೆಯವರು ಹೇಳುತ್ತಾರೆ. ಇರಲಿ. ಉಪ್ಪಿನಕಾಯಿಯಿಂದ ರಾಜ್ಯದ ಬೊಕ್ಕಸ ತುಂಬುವುದಿಲ್ಲ.

ನಿನ್ನ ಮೇಲಿರುವ ದೊಡ್ಡ ದೂರು ಬೇರೆಯೇ: ಅಷ್ಟೂ ನೀರನ್ನು ಸುಮ್ಮನೆ ಸಮುದ್ರಕ್ಕೆ ಸುರಿಯುತ್ತೀ. ನಿಜವೋ ಸುಳ್ಳೋ ನೋಡೋಣವೆಂದು ನಿನ್ನ ಅಳಿವೆಯ ತದಡಿಗೆ ಹೋದೆ. ಭರತದ ಹೊತ್ತಿಗೆ ಉಪ್ಪುನೀರು ಹೊಳೆಯೊಳಗೆ ಮೈಲಿಗಟ್ಟಲೆ ಏರುತ್ತದೆ. ಮಳೆಗಾಲ ಬಂದರೆ ನಿನ್ನ ಸಿಹಿನೀರು ಅದನ್ನು ಹಿಂದಕ್ಕೆ ದಬ್ಬುತ್ತದೆ. ಒಂದು ತೀರ್ಮಾನಕ್ಕೆ ಬರಬಾರದೆ? ಇಳಿತವಾದದ್ದೇ ತಡ, ಸೀರೆ ಎತ್ತಿಕಟ್ಟಿದ ಹೆಂಗಸರು ಮೊಣಕಾಲುದ್ದ ನೀರಿನಲ್ಲಿ ಬಗ್ಗಿ ಕೆಸರಿನೊಳಗೆ ಬೆರಳಾಡಿಸುತ್ತಾರೆ. ಕೈಗೆ ಗಟ್ಟಿಯಾಗಿ ತಾಗಿದ್ದು ಬಳಚು ಎಂಬ ಚಿಪ್ಪುಜೀವಿ. ಮುಷ್ಟಿ ತುಂಬಿದಾಗ ನೀರಲ್ಲಿ ಜಾಲಿಸಿ ಬುಟ್ಟಿಗೆ ಹಾಕುತ್ತಾರೆ. ಟೆಂಡರಿಲ್ಲ, ರಸೀದಿಯಿಲ್ಲ, ಮಂತ್ರಿಗಳಿಂದ ಉದ್ಘಾಟನೆಯಿಲ್ಲ. ಅಳಿವೆಯಂಚಿನ ಗಜನಿ ಗದ್ದೆಯದ್ದೂ ಇದೇ ಹಣೆಬರಹ. ಮಳೆ ಬಂದು ಮಣ್ಣಿನ ಉಪ್ಪು ತೊಳೆದಾಗ ಕಗ್ಗ ಭತ್ತ. ಕೊಯ್ಲು ಮುಗಿದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಸಿಗಡಿ, ಮೀನು. ಈ ಕಗ್ಗಕ್ಕೆ ಉಪ್ಪಿನ ಹೆದರಿಕೆಯಿಲ್ಲ, ನೆರೆ ನಿಂತರೂ ಕೊಳೆಯುವುದಿಲ್ಲ, ಗೊಬ್ಬರವನ್ನೂ ಕೇಳುವುದಿಲ್ಲ. ರೈತ ನೀರಿಗಿಳಿದು ತೆನೆಯನ್ನಷ್ಟೇ ಕೊಯ್ದು ತರುತ್ತಾನೆ. ಹೀಗಾದರೆ ಗೊಬ್ಬರದಂಗಡಿಯವರು ಬದುಕುವುದು ಹೇಗೆ? ಇತ್ತ ಸಾಣಿಕಟ್ಟಾದಲ್ಲಿ ಬಿಸಿಲಿಗೆ ನೀರಿಟ್ಟು ಉಪ್ಪು ತೆಗೆಯುತ್ತಾರೆ. ಕೆಲಸವಿಲ್ಲದವಳ ಮನೆಯಲ್ಲಿ ಇಷ್ಟು ಜನರ ಊಟ ಹೇಗೆ ನಡೆಯುತ್ತದೆಂಬುದೇ ಲೆಕ್ಕಕ್ಕೆ ಸಿಗಲಿಲ್ಲ.

ಶರಾವತಿಯ ಅಳಿವೆಯಲ್ಲಿ ಈ ಉಪ್ಪು-ಸಿಹಿಯ ಗೊಂದಲವಿಲ್ಲ. ಟರ್ಬೈನು ದಾಟಿದ ಸಿಹಿನೀರು ಬೇಸಿಗೆಯಲ್ಲೂ ಬರುತ್ತಲೇ ಇರುವುದರಿಂದ ಉಪ್ಪಿನಂಶ ಇಳಿದಿದೆ. ಅದನ್ನು ನಂಬಿದ್ದ ಬಳಚು, ಮೀನು, ಕಾಂಡ್ಲಾ ಗಿಡಗಳೂ ಕಡಿಮೆಯಾಗಿವೆ. ಶಿಸ್ತು ಎಂದರೆ ಅದು.

ಅವಕಾಶ ಬರಲಿಲ್ಲವೆಂದು ಮಾತ್ರ ಹೇಳಬೇಡ. ತದಡಿಯಲ್ಲಿ 4000 ಮೆಗಾವಾಟಿನ ಕಲ್ಲಿದ್ದಲು ಸ್ಥಾವರದಂಥ ದೊಡ್ಡ ಸಂಬಂಧ ಕೂಡಿಬಂದಿತ್ತು. ಊರವರು ಗಲಾಟೆ ಮಾಡಿ ಮುರಿದರು. 2024ರ ಜನವರಿಯಲ್ಲಿ ನಿನ್ನ ಅಳಿವೆಯ 4801 ಹೆಕ್ಟೇರನ್ನು ರಾಮ್ಸರ್ ಪಟ್ಟಿಗೆ ಸೇರಿಸಿದರು. ಸಂತೋಷ. ಆದರೆ ಪ್ರಶಸ್ತಿ ಬಂದವರನ್ನು ದುಡಿಸಬಾರದೆಂಬ ನಿಯಮವೇನೂ ಇಲ್ಲವಲ್ಲ. ಈಗ ನಿನ್ನನ್ನು ಬಯಲುಸೀಮೆಯ ವೇದಾವತಿಗೆ ಜೋಡಿಸುವ ಪ್ರಸ್ತಾಪವಿದೆ. ಅಲ್ಲಿ ಬಾಯಾರಿದ ಜನರಿರುವುದು ಸುಳ್ಳಲ್ಲ. ಅವರ ಕೆರೆಗಳ ಹೂಳು ತೆಗೆಸುವುದು ಸಣ್ಣ ಕೆಲಸ, ಅದಕ್ಕೆ ಯಾರೂ ದೊಡ್ಡ ಶಂಕುಸ್ಥಾಪನೆಯ ಕಲ್ಲು ಕೆತ್ತಿಸುವುದಿಲ್ಲ. ಪಶ್ಚಿಮಕ್ಕೆ ಹರಿಯುವ ನಿನ್ನನ್ನು ಪೂರ್ವಕ್ಕೆ ಎತ್ತಲು ಪಂಪು ಬೇಕು, ಪಂಪಿಗೆ ಕರೆಂಟು ಬೇಕು. ಕರೆಂಟಿಗೆ ಅಕ್ಕಂದಿರಿದ್ದಾರೆ, ಚಿಂತೆಯಿಲ್ಲ.

ಮನಸ್ಸಿಲ್ಲದಿದ್ದರೆ ಈಗಲೇ ಬಾಯಿಬಿಟ್ಟು ಹೇಳು. ನಿನಗಾಗದಿದ್ದರೆ ದಂಡೆಯವರಿಂದ ಹೇಳಿಸು. ಸುಮ್ಮನಿದ್ದರೆ ಒಪ್ಪಿಗೆಯಿದೆ ಎಂದೇ ಫೈಲಿನಲ್ಲಿ ಬರೆದುಕೊಳ್ಳುತ್ತಾರೆ.

ಇಂತಿ,
ನಿನ್ನ ಹಿತೈಷಿ